ತ್ರೆವಾಲ್ದಿಯವರ ಬೀಗದ ಕೈ

ಆರು ಶತಮಾನಗಳ ಹಿಂದೆ ಡ್ಯೂಕನ ನಾಲ್ಕು ಸಾವಿರ ಸೈನಿಕರು ಮೊಂತೆರಾಸ್ಕೊ ಊರನ್ನು ಸುತ್ತುಗಟ್ಟಿದಾಗ, ಬಾರ್ತೊಲೊ ತ್ರೆವಾಲ್ದಿ ಮೂವತ್ತೊಂದು ದಿನ ಕೋಟೆಯ ಬಾಗಿಲನ್ನು ತೆರೆಯಲಿಲ್ಲ. ದಿನವೂ ಬೆಳಗ್ಗೆ ಗೋಡೆಯ ಮೇಲೆ ನಿಂತು, ಬಾಣಗಳು ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹಾದುಹೋದರೂ ಕದಲದೆ, "ತೆರೆಯುವುದಿಲ್ಲ" ಎಂಬ ಒಂದೇ ಮಾತನ್ನಾಡಿ ಇಳಿಯುತ್ತಿದ್ದ. ಊರಿನವರು ಹೇಸರಗತ್ತೆಗಳನ್ನು ತಿಂದರು. ಆಮೇಲೆ ಅವುಗಳ ಜೀನಿನ ತೊಗಲನ್ನೂ ಬೇಯಿಸಿ ತಿಂದರು. ಮೂವತ್ತೆರಡನೆಯ ದಿನ, ಸಂತ ಮಾರ್ತಿನನ ಹಬ್ಬದ ಮುಂಜಾನೆ, ಮಳೆಗೂ ಭೇದಿಗೂ ಸೋತ ಶತ್ರುಸೇನೆ ಡೇರೆ ಕಿತ್ತಿತು.

ಅಂದಿನಿಂದ ಆ ಬಾಗಿಲಿನ ಬೀಗದ ಕೈ ತ್ರೆವಾಲ್ದಿ ಮನೆತನದ್ದು. ಕಟ್ಟಳೆ ಒಂದೇ: ಪ್ರತಿವರ್ಷ ಹಬ್ಬದಂದು ಮನೆತನದ ರಕ್ತದವರೊಬ್ಬರು ಬಾಗಿಲ ಬಳಿ ನಿಂತು ಊರಿಗೆ ಈ ಕಥೆಯನ್ನು ಹೇಳಬೇಕು. ಹೇಳುವವರಿಲ್ಲದ ವರ್ಷ ಬೀಗದ ಕೈ ಪುರಸಭೆಯ ಪಾಲು. ಕಥೆ ಮುಗಿದೊಡನೆ ಹೊಸ ದ್ರಾಕ್ಷಾರಸದ ಮೊದಲ ಲೋಟವನ್ನು ಹೇಳಿದವರ ಕೈಗೆ ಕೊಡುತ್ತಾರೆ. ಅವರು ಅದನ್ನು ತಳದವರೆಗೂ ಕುಡಿದು, ಲೋಟವನ್ನು ಅಂಗೈಯ ಮೇಲೆ ಬೋರಲು ಹಾಕಿ ತೋರಿಸಬೇಕು. ಅದು ವೀರನಿಗೆ ಸಲ್ಲುವ ಗೌರವವೆಂದು ಮನೆತನದವರ ನಂಬಿಕೆ. ಆ ಹೊತ್ತಿಗೆ ಸರಿಯಾಗಿ ಊರಿನವರೆಲ್ಲ ಮುಖ ತಗ್ಗಿಸಿಕೊಳ್ಳುವುದೂ ಗೌರವದಿಂದಲೇ ಎಂದು ಅವರ ನಂಬಿಕೆ.

ಮನೆತನದ ಈಗಿನ ಯಜಮಾನ ಕೌಂಟ್ ಓದ್ದೋನೆಗೆ ಎಂಬತ್ತಮೂರು. ಐವತ್ತೊಂದು ಬಾರಿ ಕಥೆ ಹೇಳಿ ಅವರ ಗಂಟಲು ಸವೆದಿತ್ತು. ಊಟದ ಕೋಣೆಯ ಗೋಡೆಯಲ್ಲಿ ಪೂರ್ವಿಕರೆಲ್ಲ ಚಿತ್ರಪಟಗಳಲ್ಲಿ ಸಾಲಾಗಿ ತೂಗುತ್ತಿದ್ದರು: ಕಾರ್ಡಿನಲ್ ಆಗಲು ರೋಮಿಗೆ ಹೊರಟು, ಅರ್ಧದಾರಿಯಲ್ಲಿ ಹೇಸರಗತ್ತೆಯಿಂದ ಬಿದ್ದು ಬಿಷಪ್ಪಾಗಿಯೇ ಉಳಿದ ಒತ್ತಾವಿಯೊ, ಹಡಗು ಹತ್ತಿದೊಡನೆ ವಾಂತಿಯಾಗುತ್ತಿದ್ದುದರಿಂದ ದಡದ ಮೇಲಿಂದಲೇ ಯುದ್ಧ ನಡೆಸಿದ ನೌಕಾಧಿಪತಿ ಲೆಯಾಂದ್ರೊ, ಮೂವರು ಗಂಡಂದಿರನ್ನು ಮಣ್ಣುಮಾಡಿ, ಅಂಜೂರದ ಮುರಬ್ಬದ ಮೇಲೆ ಗ್ರಂಥ ಬರೆದ ಕತೆರೀನಾ. ಕೌಂಟರಿಗೆ ಇವರೆಲ್ಲರ ಬಗ್ಗೆಯೂ ಅಭಿಮಾನವೇ. ಆದರೆ ಅಗ್ಗಿಷ್ಟಿಕೆಯ ನೆತ್ತಿಯ ಜಾಗ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡ ಬಾರ್ತೊಲೊನದು. ರಕ್ತದವರೆಂದು ಉಳಿದವಳು ಕೌಂಟರ ತಮ್ಮನ ಮೊಮ್ಮಗಳು ಲಾವೀನಿಯಾ ಒಬ್ಬಳೇ. ಈ ಸಲ ಕಥೆ ಹೇಳುವವಳು ಅವಳೇ ಎಂದು ಕೌಂಟರು ಊರಿಗೆಲ್ಲ ಸಾರಿಯಾಗಿತ್ತು.

ಹಬ್ಬದ ಬೆಳಗ್ಗೆ, ಸುಟ್ಟ ಚೆಸ್ಟ್‌ನಟ್ ಕಾಯಿಗಳ ಸಿಪ್ಪೆ ಬಿಡಿಸುತ್ತ, ಅವಳು ತಲೆಯೆತ್ತದೆ ಹೇಳಿದಳು: "ಅಜ್ಜ, ನಾನು ಹೇಳೋದಿಲ್ಲ. ಸುಳ್ಳು ಅಂತ ಗೊತ್ತಾದ ಮೇಲೆ ಹೇಗೆ ಹೇಳ್ಲಿ?"

ಚರ್ಚಿನ ಅಟ್ಟದಲ್ಲಿ ಅವಳಿಗೊಂದು ಹಳೆಯ ಪತ್ರ ಸಿಕ್ಕಿತ್ತು. ಮುತ್ತಿಗೆಯ ಕಾಲದ ಪಾದ್ರಿ ಬರೆದದ್ದು. ಬಾರ್ತೊಲೊ ಮೂರನೆಯ ದಿನವೇ ಶರಣಾಗಲು ಒಪ್ಪಿದ್ದನಂತೆ. ಆದರೆ ಬಾಗಿಲು ತೆರೆಯಲು ಹೋದರೆ ಸೊಂಟದಲ್ಲಿ ಬೀಗದ ಕೈ ಇರಲಿಲ್ಲ. ಹಬ್ಬದ ದಿನ ದ್ರಾಕ್ಷಾರಸದ ತೊಟ್ಟಿಯನ್ನು ಬರಿದು ಮಾಡಿದಾಗ ಅದು ತಳದಲ್ಲಿ ಸಿಕ್ಕಿತು. ಅವನು ರುಚಿ ನೋಡಲು ಬಗ್ಗಿದಾಗ ಸೊಂಟದಿಂದ ಜಾರಿ ಬಿದ್ದದ್ದು.

"ಶತ್ರುಗಳು ಹೋದ ಮೇಲೂ ಬಾಗಿಲು ತೆಗೆಯೋ ಹೊತ್ತಿಗೆ ಸಂಜೆಯಾಯ್ತಂತೆ," ಎಂದಳು.

ಕೌಂಟರು ಬಾರ್ತೊಲೊನ ಚಿತ್ರವನ್ನೇ ದಿಟ್ಟಿಸಿದರು. "ಪಾದ್ರಿಗಳಿಗೆ ನಮ್ಮ ಮನೆ ಮೇಲೆ ಮೊದಲಿಂದಲೂ ಹೊಟ್ಟೆಕಿಚ್ಚು."

"ಪಾದ್ರಿ ನಮ್ಮವರೇ ಅಜ್ಜ. ಬಾರ್ತೊಲೊನ ತಮ್ಮ."

ಕೌಂಟರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕಥೆ ನಿಂತರೆ ಬೀಗದ ಕೈ ಹೋಗುತ್ತದೆ. ಹಳೆಯ ಕಥೆಯನ್ನೇ ಹೇಳಿದರೆ ಈ ಹುಡುಗಿ ಕೈಬಿಟ್ಟು ಹೋಗುತ್ತಾಳೆ. ಅವರು ಎದ್ದು, ಮೊಣಕೈಯುದ್ದದ ಆ ಕಬ್ಬಿಣವನ್ನು ಗೂಟದಿಂದ ಇಳಿಸಿಕೊಂಡು, ಊರುಗೋಲು ಊರುತ್ತ ಹೊರಟರು. ಲಾವೀನಿಯಾ ಶಾಲು ಹಿಡಿದು ಹಿಂದೆಯೇ ಓಡಿದಳು.

ಬಾಗಿಲ ಬಳಿ ಐವತ್ತು ಜನರಿದ್ದರು. ಊರ ದ್ರಾಕ್ಷಾರಸದ ನೆಲಮಾಳಿಗೆ ನೋಡಿಕೊಳ್ಳುವ ಜೆಲಿಂದೊ ಪೀಪಾಯಿಯ ಪಕ್ಕದಲ್ಲಿ ಲೋಟ ಹಿಡಿದು ನಿಂತಿದ್ದ. ಕೌಂಟರು ಎಂದಿನಂತೆಯೇ ಆರಂಭಿಸಿದರು: ನಾಲ್ಕು ಸಾವಿರ ಸೈನಿಕರು, ಹೇಸರಗತ್ತೆಗಳು, ಗೋಡೆಯ ಮೇಲೆ ಬಾರ್ತೊಲೊ. "ತೆರೆಯುವುದಿಲ್ಲ" ಎಂಬಲ್ಲಿಗೆ ಬಂದು ನಿಂತರು. ಕೈಯಲ್ಲಿದ್ದ ಕಬ್ಬಿಣವನ್ನು ಒಮ್ಮೆ ನೋಡಿಕೊಂಡರು.

"ತೆರೀಲಿಲ್ಲ," ಎಂದರು. "ಯಾಕಂದ್ರೆ ಬೀಗದ ಕೈ ಕಳ್ಕೊಂಡಿದ್ದ."

ಉಳಿದದ್ದನ್ನೂ ಬಿಡದೆ ಹೇಳಿದರು. ಬಾಣಕ್ಕೆ ಎದೆಯೊಡ್ಡಿದವನಿಗೆ, ಕಳೆದುಕೊಂಡೆನೆಂದು ಊರಿನ ಮುಂದೆ ಒಪ್ಪಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲವೆಂಬುದನ್ನೂ ಹೇಳಿದರು. ಮುಗಿಸಿ, ಜನ ಈಗ ನಗುತ್ತಾರೆಂದು ಕಾದರು. ಯಾರೂ ನಗಲಿಲ್ಲ, ಯಾರಿಗೂ ಅಚ್ಚರಿಯಾದಂತೆಯೂ ಕಾಣಲಿಲ್ಲ. ಜೆಲಿಂದೊ ಲೋಟ ತುಂಬಿಸಿ ಕೊಟ್ಟ.

"ಕುಡೀರಿ ಕೌಂಟರೇ. ತಳ ನೋಡ್ಕೊಂಡು ಕುಡೀರಿ."

"ನಿಮಗೆ ಗೊತ್ತಿತ್ತೇನಯ್ಯಾ?"

"ಅವತ್ತು ತೊಟ್ಟಿ ಬರಿದು ಮಾಡಿದವನು ನಮ್ಮ ಮನೆಯವನೇ. ಮತ್ತೆ ಲೋಟ ಬೋರಲು ಹಾಕಿಸ್ತಿದ್ದದ್ದು ಯಾತಕ್ಕೆ ಅಂದ್ಕೊಂಡಿದ್ರಿ? ನಿಮ್ಮ ಮನೆಯವರು ತಾವಾಗಿ ಹೇಳೋವರೆಗೂ ನಗಬಾರದು ಅಂತ ನಮ್ಮಜ್ಜನ ಅಪ್ಪಣೆ. ಅವರಿಗೆ ಅವರಜ್ಜಂದು."

ಕೌಂಟರು ತಳದವರೆಗೂ ಕುಡಿದರು. ಲೋಟವನ್ನು ಅಂಗೈಯ ಮೇಲೆ ಬೋರಲು ಹಾಕಿ, ಎತ್ತಿ, ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಬೀಗದ ಕೈ ಹುಡುಕುವವರಂತೆ ನೋಡಿದರು. ಆರುನೂರು ವರ್ಷ ಬಿಗಿಹಿಡಿದಿದ್ದ ನಗು ಕಮಾನಿನ ಕೆಳಗೆ ಒಂದೇ ಏಟಿಗೆ ಸಿಡಿಯಿತು. ಮಾಡದಲ್ಲಿ ಮಲಗಿದ್ದ ಪಾರಿವಾಳಗಳೆಲ್ಲ ಎದ್ದವು. ಎಲ್ಲರೂ ನಕ್ಕು ಮುಗಿಸಿದ ಮೇಲೂ ಕೌಂಟರದು ನಿಂತಿರಲಿಲ್ಲ.

ಲಾವೀನಿಯಾ ಅವರ ಕೈಯಿಂದ ಬೀಗದ ಕೈಯನ್ನು ತೆಗೆದುಕೊಂಡಳು. ಎರಡೂ ಕೈಗಳಿಂದ ಅದನ್ನು ಎದೆಗವಚಿಕೊಂಡು, ಪೀಪಾಯಿಯಿಂದ ಎರಡು ಹೆಜ್ಜೆ ದೂರ ಸರಿದು ನಿಂತಳು.

"ಅಜ್ಜ, ಇನ್ನೊಂದ್ಸಲ ಹೇಳಿ. ತೊಟ್ಟಿಯೊಳಗೆ ಬಗ್ಗಿದನಲ್ಲ, ಅಲ್ಲಿಂದ. ಮುಂದಿನ ವರ್ಷ ನಾನು ಒಂದು ಮಾತೂ ಬಿಡಬಾರದು."