ಕಸಿದವನೂ ನೀನೇ

"ಒಂದು ಪದ ತೆಗೀಬೇಕಾಗುತ್ತೆ, ಯಜಮಾನ್ರೇ," ಎಂದ ಸ್ಟುಡಿಯೋದ ಭೈರೇಶ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

ಈರಭದ್ರಪ್ಪನವರು ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡರು. ಇದು ಬರುತ್ತದೆಂದು ಅವರಿಗೆ ಗೊತ್ತಿತ್ತು. ಕಡೂರಿನ ಈ ಸ್ಟುಡಿಯೋ ಹೊಕ್ಕ ಹಾಡು ಹೊಕ್ಕ ಹಾಗೆಯೇ ಹೊರಬಂದದ್ದಿಲ್ಲ. ಅಜ್ಜಂಪುರದ ನಾಗೇಶ ಬರೆದ ಸೋಬಾನೆ ಪದ ಇಲ್ಲಿ ಒಳಹೋಗಿ, ಡಿಜೆ ಹಾಡಾಗಿ ಹೊರಬಂದು, ಟ್ರಾಕ್ಟರಿನ ಮೇಲೆ ಕುಣಿದಿತ್ತು. ನಾಗೇಶ ಈಗ ಹೊಸ ಬೈಕಿನಲ್ಲಿ ಓಡಾಡುತ್ತಾನೆ, ಭಜನೆಗೆ ಬರುವುದಿಲ್ಲ.

"ಯಾವ ಪದ? ಅಂಕಿತವೋ?"

ಹಾಡಿನ ಕೊನೆಗೆ ಬರೆದವನು ತನ್ನ ಇಷ್ಟದೈವದ ಹೆಸರಿಡುವುದೇ ಅಂಕಿತ. ಈರಭದ್ರಪ್ಪನವರು ನಲವತ್ತು ವರ್ಷ ಬರೆದದ್ದೆಲ್ಲ ಶಿವನಿ ಗ್ರಾಮದಲ್ಲಿರುವ ತಮ್ಮ ಮನೆದೇವರ ಅಂಕಿತದಲ್ಲಿ: 'ಒಡೆಯ ಚಂದ್ರಶೇಖರ'.

"ಅಯ್ಯೋ, ಅಂಕಿತ ಮುಟ್ಟಂಗೇ ಇಲ್ಲ. ಅದನ್ನ ಕೇಳೇ ಸಾಹುಕಾರ್ರು ನಿಮ್ಮ ಹಾಡು ಆರಿಸಿದ್ದು. ಇನ್ನೂ ನಾಲ್ಕು ಸಲ ಜಾಸ್ತಿ ಬರ್ಲಿ ಅಂದವ್ರೆ."

ಈ ಕಾಲದಲ್ಲೂ ಇಂಥ ಭಕ್ತರಿದ್ದಾರೆಯೇ ಎಂದು ಈರಭದ್ರಪ್ಪನವರಿಗೆ ಆಶ್ಚರ್ಯವಾಯಿತು. ಹಾಡಿನ ಖರ್ಚೆಲ್ಲ ಆ ಸಾಹುಕಾರರದು. ಮೊದಲು ರೈತರ ಹೊಲವಿದ್ದ ಕಡೆ ಜಲ್ಲಿ ಕ್ರಷರ್ ಇಟ್ಟಿದ್ದಾರೆ ಎಂಬುದಷ್ಟೇ ಗೊತ್ತು. ತರೀಕೆರೆ, ಅಜ್ಜಂಪುರ, ಎರಡೂ ತಾಲ್ಲೂಕಿನ ಊರೂರಲ್ಲಿ ಬೆಳಗ್ಗೆ ಸಂಜೆ ಈ ಹಾಡು ಕೇಳಿಸಬೇಕೆಂಬುದು ಅವರ ಆಸೆಯಂತೆ. ದೇವರ ಕೆಲಸಕ್ಕೆ ಮುಂದಾದವರ ಹೆಸರು ಕುಲ ವಿಚಾರಿಸುವುದು ಸಲ್ಲದೆಂದು ಇವರು ಹೆಚ್ಚು ಕೇಳಿರಲಿಲ್ಲ.

"ಮತ್ತೆ ತಕರಾರು ಯಾವುದಕ್ಕೆ?"

"'ಕಸಿದವನೂ' ಅನ್ನೋದು. ಸಾಹುಕಾರ್ರಿಗೆ ಅದು ಸ್ವಲ್ಪ ಚುಚ್ತಂತೆ."

ಈರಭದ್ರಪ್ಪನವರು ಎದ್ದು ನಿಂತರು. ಹೆಂಡತಿ ಯಲ್ಲಮ್ಮನ ತಿಥಿ ಮುಗಿದ ಮಾರನೆಯ ದಿನ ಬರೆದ ಹಾಡು ಅದು. 'ಕೊಟ್ಟವನೂ ನೀನೇ, ಕಸಿದವನೂ ನೀನೇ, ಮೊರೆಯಿಡಲು ಬೇರೆ ಯಾರಿಹರು, ಒಡೆಯ ಚಂದ್ರಶೇಖರ.' ಆ ಪದ ತೆಗೆದರೆ ಆಕೆ ಸತ್ತದ್ದೇ ಸುಳ್ಳಾದ ಹಾಗೆ.

"ಎರಡು ತಾಲ್ಲೂಕು ಬೇಡಪ್ಪ, ಎರಡು ಮನೆಯಲ್ಲಿ ಕೇಳಿದರೂ ಸಾಕು. ಅಕ್ಷರ ಕದಲಕೂಡದು."

"ನೀವು ಯೂಟ್ಯೂಬಿಗೆ ಹಾಕಿದ ಹಾಡು ನಲವತ್ತು ಸಲ ಓಡೈತೆ, ಯಜಮಾನ್ರೇ. ಅದ್ರಲ್ಲಿ ಮೂವತ್ತು ಸಲ ಕೇಳಿದ್ದು ನೀವೇ."

ಅಷ್ಟರಲ್ಲಿ ಸಾಹುಕಾರರೇ ಬಂದರು. ಹಣೆಯಲ್ಲಿ ಮೂರು ಗೆರೆ ವಿಭೂತಿ. ಬಂದವರೇ ಈರಭದ್ರಪ್ಪನವರ ಕಾಲಿಗೆರಗಿದರು.

"ಇಷ್ಟು ಮನಸಿಟ್ಟು ಯಾರೂ ಬರೆದಿರ್ಲಿಲ್ಲ, ಸ್ವಾಮಿ. ಆದ್ರೆ ಕಸಿದದ್ದು ಹಳೇ ಮಾತಲ್ವಾ? ಈಗ್ಯಾಕೆ ಎತ್ತೋದು? ಬದಲಿಗೆ ಬೇರೆ ಕೊಟ್ಟೂ ಆಗೈತೆ."

ಈರಭದ್ರಪ್ಪನವರು ತಲೆಯಾಡಿಸಿದರು. ಯಲ್ಲಮ್ಮ ತೀರಿಕೊಂಡ ವರ್ಷದಲ್ಲೇ ಮೊಮ್ಮಗಳು ಸ್ಫೂರ್ತಿ ಹುಟ್ಟಿದ್ದಳು. ಭೈರೇಶ ಎಲ್ಲವನ್ನೂ ಹೇಳಿರಬೇಕು.

"ಕೊಟ್ಟದ್ದು ನಿಜ, ಸಾಹುಕಾರರೇ. ಆದರೆ ಕಳೆದುಕೊಂಡವರು ಅದನ್ನು ಮರೆಯುವುದಿಲ್ಲ."

ಸಾಹುಕಾರರು ಒಮ್ಮೆ ಭೈರೇಶನ ಮುಖ ನೋಡಿದರು. "ಮರೆಯಲ್ಲ ಅಂತೀರಾ?"

"ಸಾಯುವ ತನಕ ಮರೆಯುವುದಿಲ್ಲ. ಆದರೂ ಅವನ ಬಾಗಿಲಿಗೇ ಹೋಗಬೇಕಲ್ಲ. ಬೇರೆ ಗತಿ ಏನಿದೆ?"

 ಸಾಹುಕಾರರ ಮುಖ ಮೆಲ್ಲಗೆ ಅರಳಿತು.

"ಹಂಗಾದ್ರೆ ಇರ್ಲಿ ಬಿಡು, ಭೈರೇಶಾ. ಭಕ್ತಿ ಜೊತೆಗೆ ಒಂಚೂರು ಭಯಾನೂ ಇರ್ಬೇಕು."

ಈರಭದ್ರಪ್ಪನವರು ಕೈಮುಗಿದರು. ನಲವತ್ತು ವರ್ಷದಲ್ಲಿ ತಮ್ಮ ಹಾಡಿನ ತಿರುಳನ್ನು ಇಷ್ಟು ಚೆನ್ನಾಗಿ ಹಿಡಿದವರು ಇನ್ನೊಬ್ಬರು ಸಿಕ್ಕಿರಲಿಲ್ಲ.

ಎರಡು ವಾರದ ಮೇಲೆ ಅವರು ತರೀಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಾಡು ಕೇಳಿಸಿತು. ಆಟೋದ ಮೇಲೆ ಕಟ್ಟಿದ ಮೈಕಿನಲ್ಲಿ ತೇಲಿ ಬಂತು. ಒಂದಕ್ಷರ ಕದಲಿರಲಿಲ್ಲ. ಹೂ ಕಟ್ಟುತ್ತ ಕೂತಿದ್ದ ಮುದುಕಿಯೊಬ್ಬಳು ಜೊತೆಗೆ ಗುನುಗಿದಳು. ಕಲೆಯನ್ನು ಮಾರದೆಯೂ ಜನರ ಬಾಯಿಗೆ ಬರಬಹುದೆಂದು ನಾಗೇಶನಿಗೆ ಹೇಳಬೇಕು ಎಂದುಕೊಂಡು ಈರಭದ್ರಪ್ಪನವರು ಕಣ್ಣು ಮುಚ್ಚಿ ನಿಂತರು. ಹಾಡು ಮುಗಿಯಿತು. ಆಟೋ ಹತ್ತಿರ ಬಂತು. ಮೈಕು ಒಮ್ಮೆ ಗೊರಗುಟ್ಟಿತು.

"ಈ ಬಾರಿಯ ವಿಧಾನಸಭಾ ಚುನಾವಣೆಯಲ್ಲಿ ನಿಮ್ಮ ಅಮೂಲ್ಯವಾದ ಮತ ಪಕ್ಷೇತರ ಅಭ್ಯರ್ಥಿ, ನಿಮ್ಮೆಲ್ಲರ ನೆಚ್ಚಿನ ಕ್ರಷರ್ ಚಂದ್ರಶೇಖರಣ್ಣನವರಿಗೇ."