‘ಹ’ದ ಹೊಟ್ಟೆಯ ಕಚ್ಚು

ಗೋಡೆಯಿಂದ ಕಿತ್ತು ತಂದ ಭಿತ್ತಿಪತ್ರವನ್ನು ಅಕ್ಷರಗಾರ ಮೇಜಿನ ಮೇಲೆ ಬಡಿದ. ಅದರ ತುಂಬ ಒಂದೇ ಪದ, ಕಪ್ಪಗೆ, ದಪ್ಪಗೆ: ಹರಾಜು.

“ಇದು ಬೀದಿಗೆ ಹೇಗೆ ಬಂತು?”

ಅಕ್ಕನ ಮಗಳು ಕಂಪ್ಯೂಟರಿನಿಂದ ಕಣ್ಣೆತ್ತಿದಳು. “ಏನು ಮಾವ?”

“ನನ್ನ ಅಕ್ಷರ!”

ಆರು ವರ್ಷ ಕಂಪ್ಯೂಟರಿನಲ್ಲಿ ತನ್ನ ಹೊಸ ಫಾಂಟಿನ ಆ ಅಕ್ಷರಗಳನ್ನು ಮಕ್ಕಳಂತೆ ಸಾಕಿದ್ದ. ಆನೆಯ ಕಾಲಿನಂಥ ಗೀಟು, ಪ್ರತಿ ಗೀಟಿನ ತುದಿಗೂ ಬೆಣೆಯಂಥ ಚಾಚು. ಶೀರ್ಷಿಕೆಗೆ ನಿಂತರೆ ಇಡೀ ಪುಟ ಕೈಕಟ್ಟಿ ನಿಲ್ಲಬೇಕು. ಬೆಳಿಗ್ಗೆ ಕೆಲಸ ಕಲಿಸಿದ ಗುರುವನ್ನು ನೆನೆದು ಕಣ್ಣು ಮುಚ್ಚಿದರೆ ಸಾಕು, ಗೀಟುಗಳು ತಾವಾಗಿಯೇ ಕೈಗೆ ಇಳಿಯುತ್ತಿದ್ದವು. ನಾಳೆ ಪತ್ರಿಕೆಯೊಂದಕ್ಕೆ ಒಪ್ಪಿಸಬೇಕಿತ್ತು. ಹೊರಗಿನ ಒಂದು ಕಣ್ಣೂ ಅವುಗಳ ಮೇಲೆ ಬಿದ್ದಿರಲಿಲ್ಲ. ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರೇ: ಅವನು, ಅವಳು.

“ಯಾರೋ ಹೋಲೋ ಥರ ಬರೆದಿರಬಹುದು.”

“ಹೋಲೋ ಥರಾನಾ? ‘ಹ’ದ ಹೊಟ್ಟೆ ನೋಡು.”

ಒಳಬಾಗಿನಲ್ಲಿ ಎಳ್ಳಿನಷ್ಟು ಕಚ್ಚು. ಕಳ್ಳನನ್ನು ಹಿಡಿಯಲೆಂದೇ ಅವನು ಇಟ್ಟ ಗುರುತು. ಕದಿಯುವವನು ಗಮನಿಸದೆ ಅದನ್ನೂ ಸೇರಿಸಿಯೇ ಎತ್ತಿಕೊಳ್ಳುತ್ತಾನೆ.

ಅವಳು ಕಾಗದ ತಿರುಗಿಸಿದಳು. ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿ ನಿಂತಿದ್ದವು.

“ಮುಟ್ಟಿ ನೋಡಿ ಮಾವ. ಇದು ಮೊಳೆ ಒತ್ತಿದ ಅಚ್ಚು, ಕಂಪ್ಯೂಟರಿಂದ ಬಂದದ್ದಲ್ಲ. ಕೆಳಗಿನ ಸಣ್ಣಕ್ಷರಾನಾದ್ರೂ ಓದಿದ್ರಾ?”

“ಓದೋಕೆ ಏನು ಉಳಿಸಿದ್ದೀಯ? ಪಕ್ಕದಲ್ಲೇ ಕೂತು ಬೆನ್ನಿಗೆ ಚೂರಿ ಹಾಕಿದೆಯಲ್ಲ. ನಿಮ್ಮಮ್ಮನಿಗೆ ಯಾವ ಮುಖ ತೋರಿಸ್ತೀಯ?”

“ಆರು ವರ್ಷದಲ್ಲಿ ನಿಮ್ಮ ಪೆನ್ಸಿಲ್ಲನ್ನೂ ಕೇಳದೆ ಮುಟ್ಟಿಲ್ಲ.”

ಬಾಗಿಲ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಅಳಲಿಲ್ಲ. ತಪ್ಪಿತಸ್ಥರು ಅಳುವುದಿಲ್ಲ ಎಂದುಕೊಂಡ.

ಕದ್ದ ಮಾಲು ಯಾರ ಕೈ ಸೇರಿದೆ ಎಂದು ತಿಳಿಯಲು ಆಗ ಸಣ್ಣಕ್ಷರ ಓದಿದ. ಅಚ್ಚುಕೂಟವೊಂದು ಮುಚ್ಚುತ್ತಿತ್ತು. ವಿಳಾಸದ ಓಣಿ ಅವನಿಗೆ ಅಂಗೈಯಷ್ಟೇ ಪರಿಚಿತ. ಮೂವತ್ತು ವರ್ಷದ ಹಿಂದೆ ಕೆಲಸ ಕಲಿತು ಬಿಟ್ಟುಬಂದ ಓಣಿ.

ಅಚ್ಚುಕೂಟದ ಬಾಗಿಲಲ್ಲಿ ಗುರುವಿನ ಮಗಳು ಖಾಲಿ ಪೆಟ್ಟಿಗೆಗಳನ್ನು ಒಟ್ಟುತ್ತಿದ್ದಳು. ತಲೆ ಪೂರ್ತಿ ನರೆತಿತ್ತು.

“ಅಯ್ಯೋ, ಅಣ್ಣ! ಮುಚ್ಚೋ ದಿನಾನಾದ್ರೂ ನೆನಪಾಯ್ತಲ್ಲ.”

“ಈ ಪೋಸ್ಟರ್ ಯಾರು ಮಾಡಿದ್ದು?”

“ನಾನೇ. ಅಪ್ಪನ ಮರದ ಅಚ್ಚುಮೊಳೆ. ನೀವು ಬಿಟ್ಟುಹೋಗೋ ವರ್ಷ ಅಪ್ಪ ಕೊರೀತಿದ್ರಲ್ಲ, ಅವೇ. ಯಾರೂ ಕೇಳ್ಲಿಲ್ಲ, ಹಾಗೇ ಉಳಿದುಬಿಟ್ವು.”

ಸೆಳೆಖಾನೆ ಎಳೆದು, ಒಂದನ್ನು ಅವನ ಅಂಗೈ ಮೇಲಿಟ್ಟಳು. ಕನ್ನಡಿಯಲ್ಲಿ ಕಂಡಂತೆ ತಿರುಗಿದ ‘ಹ’. ಅದರ ಹೊಟ್ಟೆಯಲ್ಲಿ ಎಳ್ಳಿನಷ್ಟು ಕಚ್ಚು. ಕಚ್ಚಿನೊಳಗೆ ಹಳೆಯ ಮಸಿ ಕಲ್ಲಾಗಿತ್ತು. ಅವನು ಉಗುರಿನಿಂದ ಕೆರೆದ. ಮಸಿ ಅಲುಗಲಿಲ್ಲ.

“ಅದು ಒಡೆದದ್ದಲ್ಲ ಅಣ್ಣ, ಅಪ್ಪ ಬೇಕಂತಲೇ ಕೊರೆದದ್ದು. ಕದ್ದೋನು ಒಂದು ದಿನ ಇದನ್ನೇ ಹುಡುಕ್ಕೊಂಡು ಬರ್ತಾನೆ ಅಂತಿದ್ರು.”