ಕಿಟಕಿಗೆ ಬಂದವರು

"ಚಪ್ಪಲಿ ಸದ್ದು ಮಾಡ್ಬೇಡ ಕಣೇ, ನಿಮ್ಮ ತಾತ ಬಂದಿದಾರೆ" ಎಂದಳು ಅಜ್ಜಿ.

ಮೊಮ್ಮಗಳು ಹೊಸ್ತಿಲಲ್ಲೇ ನಿಂತಳು. ತಾತ ತೀರಿಕೊಂಡಾಗಿನಿಂದ ಅಜ್ಜಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಈ ವಾರವಷ್ಟೇ ಸಂಜೆಯಾದರೆ ಸಾಕು, ಕಿಟಕಿಯ ಬಳಿ ಕುಳಿತು ಪಿಸುಪಿಸು ಮಾತು. ಮೊಳೆಗೆ ತೂಗುಹಾಕಿದ ಮೊಮ್ಮಗಳ ಬಿಳಿ ಕೋಟಿನ ಸುತ್ತ ಕಂದು ಪತಂಗಗಳು ನಿದ್ದೆಗಣ್ಣಿನಲ್ಲಿದ್ದಂತೆ ಸುತ್ತುತ್ತಿದ್ದವು. ಒಂದಂತೂ ಅಜ್ಜಿಯ ಮೊಣಕೈ ಮೇಲೆ ರೆಕ್ಕೆ ಮಡಚಿ ಕುಳಿತಿತ್ತು; ಅಜ್ಜಿ ಪಿಸುಗುಡುತ್ತಿದ್ದುದು ಅದರೊಂದಿಗೇ.

ಮೊಮ್ಮಗಳು ಹತ್ತಿರ ಬಂದು ಬಗ್ಗಿ ನೋಡಿದಳು. ಇವು ಟೊಮೆಟೊ ಕಾಯಿಕೊರಕದ ಪತಂಗಗಳು! ಕೃಷಿ ಓದಿನ ಭಾಗವಾಗಿ ಅವಳು ರೈತರೊಬ್ಬರ ತೋಟದಲ್ಲಿ ಬಲೆ ಕಟ್ಟಿದ್ದು ಇವುಗಳಿಗಾಗಿಯೇ. ಬಲೆಗೆ ಒಂದೂ ಬಿದ್ದಿರಲಿಲ್ಲ. "ತೋಟದಲ್ಲಿ ಹುಳು ಇಲ್ಲ ಕಣಮ್ಮ. ಔಷಧಿ ಗಿವಷಧಿ ಏನೂ ಬೇಡ ಅಂತ ನಾಳೆ ತೋಟದವರಿಗೆ ಹೇಳಿಬಿಡೋಣ" ಎಂದಿದ್ದರು ಮೇಷ್ಟ್ರು.

ಅವಳು ಕೋಟಿನ ಜೇಬಿಗೆ ಕೈ ಹಾಕಿದಳು. ಬಲೆಯೊಳಗೆ ಇಡಬೇಕಾಗಿದ್ದ ರಬ್ಬರ್ ಗುಂಡುಗಳು, ಹೆಣ್ಣು ಪತಂಗದ ವಾಸನೆ ತುಂಬಿದವು, ಅಲ್ಲೇ ಇದ್ದವು. ವಾರದ ಹಿಂದೆ ಬಲೆ ಕಟ್ಟುತ್ತಿದ್ದಾಗ ಅಜ್ಜಿ ಜಾರಿ ಬಿದ್ದಳೆಂದು ಫೋನ್ ಬಂದಿತ್ತು. ಇಟ್ಟಾಯಿತೆಂದುಕೊಂಡು ಓಡಿ ಬಂದಿದ್ದಳು. ಬಾಗಿಲು ತೆರೆದಿಟ್ಟು ಊಟಕ್ಕೆ ಕರೆಯುವುದನ್ನೇ ಮರೆತ ಹಾಗಾಗಿತ್ತು.

ಈ ಗುಂಡುಗಳನ್ನು ತೋಟಕ್ಕೆ ಒಯ್ಯದಿದ್ದರೆ ಬೆಳೆ ಹುಳುವಿನ ಪಾಲು. ಒಯ್ದರೆ ಅಜ್ಜಿ ಮತ್ತೆ ಮೂಕಿ. ಹೇಳುವುದೋ ಬಿಡುವುದೋ ತಿಳಿಯದೆ ಅವಳಿಗೆ ಅಳುವೇ ಬಂತು.

"ಅಜ್ಜೀ, ಇದು ತಾತ ಅಲ್ಲ. ಈ ಗುಂಡುಗಳಲ್ಲಿ ಹೆಣ್ಣಿನ ವಾಸನೆ ಇದೆ. ಅದಕ್ಕೆ ಮೋಸಹೋಗಿ ಬಂದಿರೋ ಗಂಡು ಹುಳುಗಳು, ಅಷ್ಟೇ."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ನಿಮ್ಮ ತಾತ ಮೊದಲ್ನೇ ಸಲ ಹೇಗೆ ಬಂದ್ರು ಅಂದ್ಕೊಂಡೆ? ಅವರು ಬಂದಿದ್ದು ನಮ್ಮಕ್ಕನ್ನ ಹುಡುಕ್ಕೊಂಡು. ಅಕ್ಕನ ಅತ್ತರು ಕದ್ದು ಹಚ್ಕೊಂಡು ಕತ್ತಲಲ್ಲಿ ಕಿಟಕಿ ಹತ್ರ ನಿಂತಿದ್ದೋಳು ನಾನು."

"ಅವರಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಗೊತ್ತಾದ್ಮೇಲೂ ಹೋಗ್ಲಿಲ್ಲ."

ಹೊರಗೆ ಇನ್ನೂ ತುಸು ಬೆಳಕಿತ್ತು. ಪತಂಗಗಳು ಆ ಬೆಳಕಿನಿಂದ ಒಂದೊಂದಾಗಿ ಬಿಡಿಸಿಕೊಂಡು ಒಳಗೆ ಬರುತ್ತಲೇ ಇದ್ದವು.

"ತಗೊಂಡ್ಹೋಗಮ್ಮ. ಬೆಳೆದೋರ ಹೊಟ್ಟೆ ಮೇಲೆ ಹೊಡೀಬಾರ್ದು" ಎಂದಳು ಅಜ್ಜಿ. ಮೊಮ್ಮಗಳು ಗುಂಡುಗಳನ್ನೆಲ್ಲ ಡಬ್ಬಿಗೆ ತುಂಬತೊಡಗಿದಳು. ಅಜ್ಜಿ ಕೈ ಚಾಚಿ ಒಂದನ್ನು ಮಾತ್ರ ಎತ್ತಿಕೊಂಡು, ಎರಡೂ ಕಿವಿಗಳ ಹಿಂದೆ ಮೆಲ್ಲಗೆ ಸವರಿಕೊಂಡಳು. ಆಮೇಲೆ ಅದನ್ನೂ ಡಬ್ಬಿಗೆ ಹಾಕಿ, ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದಳು.